ಮೌನ ಮುರಿಸಿದ ಚಿಕ್ಕತಾಯಮ್ಮ

ತೆರಕಣಾಂಬಿಯ ಚಿಕ್ಕತಾಯಮ್ಮನ ಜಗಲಿಯನ್ನು ಸುಮ್ಮನೆ ದಾಟಿ ಹೋದವರನ್ನು ನಾನು ನೋಡಿಲ್ಲ. ಯಾರು, ಎಲ್ಲಿಂದ ಬಂದೆ, ಎಲ್ಲಿಗೆ ಹೊರಟೆ ಎಂಬ ಮೂರು ಪ್ರಶ್ನೆಗೆ ಉತ್ತರ ಕೊಟ್ಟೇ ಮುಂದೆ ಹೋಗಬೇಕು. ಕರೆಂಟ್ ಬಿಲ್ಲಿನವನು, ಬೇಗೂರಿನಿಂದ ಸೀರೆ ಹೊತ್ತು ಬರುವ ವ್ಯಾಪಾರಿ, ಓಟು ಕೇಳಲು ಬಂದವರು, ಯಾರಿಗೂ ವಿನಾಯಿತಿ ಇರಲಿಲ್ಲ. ಚೆಂಡುಹೂ ಕಿತ್ತು ಹಳದಿಗಟ್ಟಿದ ಬೆರಳಿನಿಂದ ವೀಳ್ಯದೆಲೆಗೆ ಸುಣ್ಣ ಸವರುತ್ತ ಕೇಳುತ್ತಿದ್ದರು. ಉತ್ತರ ಒಪ್ಪಿಗೆಯಾದರೆ "ಓಗ್ಬುಟ್ಟು ಬಾ" ಎಂಬ ಅಪ್ಪಣೆ ಸಿಗುತ್ತಿತ್ತು.

ನಾನು ಗುಂಡ್ಲುಪೇಟೆಯಲ್ಲಿ ತತ್ವಶಾಸ್ತ್ರ ಪಾಠ ಹೇಳುವ ಮೇಷ್ಟ್ರು. ಪಾಠಕ್ಕೆ ಬರುವವರು ಕಡಿಮೆಯಾದ ಹಾಗೆಲ್ಲ ನನಗೊಂದು ಹುಚ್ಚು ಹತ್ತಿತು. ಒಂದು ಕಾಲಕ್ಕೆ ಕೋಟೆಯ ಪಟ್ಟಣವಾಗಿದ್ದ ತೆರಕಣಾಂಬಿಗೆ ಹನ್ನೆರಡು ಜನರನ್ನು ಕರೆದೊಯ್ಯಬೇಕು, ಐದು ದಿನ ಅಲ್ಲೇ ಉಳಿದು ಹಳೆಯ ಗುಡಿಗಳ ನಡುವೆ ನಿಧಾನವಾಗಿ ಓಡಾಡಬೇಕು, 'ನಾನು ಯಾರು' ಎಂದು ಕೂಡಿ ಕೂತು ಯೋಚಿಸಬೇಕು. ಸಹೋದ್ಯೋಗಿಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಇದು ಕೆಟ್ಟರೆ ಇನ್ನು ಇಂಥದ್ದಕ್ಕೆ ಕೈಹಾಕುವುದಿಲ್ಲ ಎಂದು ನಾನೂ ನಿರ್ಧರಿಸಿಬಿಟ್ಟಿದ್ದೆ. ಊಟಕ್ಕೆ ಚಿಕ್ಕತಾಯಮ್ಮನ ಮನೆ. ಮಲಗಲು, ಚರ್ಚೆಗೆ ಗುಡಿಯ ಪಕ್ಕದ ಹಳೇ ಛತ್ರ. ಛತ್ರದ ಬೀಗದ ಕೈ ಬೀದಿಯ ಯಜಮಾನರಾದ ಪುಟ್ಟಬಸಪ್ಪನವರ ಹತ್ತಿರ ಇತ್ತು.

ಮೊದಲ ದಿನ ಮುದ್ದೆ, ಹುರುಳಿ ಸಾರು ಬಡಿಸುತ್ತ ಚಿಕ್ಕತಾಯಮ್ಮ, "ಏನ್ ಕೆಲ್ಸಕ್ಕ ಬಂದಿದ್ದರಿ?" ಎಂದರು.

"ನಿಧಾನ ಕಲಿಯೋಕೆ ಅಮ್ಮ" ಎಂದರು ನಮ್ಮ ಗುಂಪಿನಲ್ಲಿದ್ದ ಬೆಂಗಳೂರಿನ ಡಾಕ್ಟರು.

"ಅದ್ಕ ಐದು ದಿನ ಯಾಕಪ್ಪ? ನಮ್ಮೂರ್ ಬಸ್ಸಿಗ ಕಾದ್ರ ಒಂದೇ ದಿನ್ಕ ಬರ್ತದ."

ಎರಡನೆಯ ದಿನ ನಾನು ಅತಿ ಜಾಣತನ ಮಾಡಿದೆ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಮೌನ ನಡಿಗೆ ಎಂದು ಸಾರಿದೆ. ಹದಿಮೂರು ಜನ ತುಟಿ ಬಿಗಿದು, ನೆಲ ನೋಡುತ್ತ ಬೀದಿಯುದ್ದಕ್ಕೂ ಊರಾಚೆಯ ಗುಡಿಗಳ ಕಡೆಗೆ ನಡೆದೆವು. ಜಗಲಿಗಳಿಂದ "ಎತ್ತಗ ಒಂಟ್ರಿ?", "ಕಾಪಿ ಆಯ್ತಾ?" ಎಂದು ಕೇಳಿದರು. ಒಬ್ಬರೂ ತಲೆ ಎತ್ತಲಿಲ್ಲ. ಬಿಸಿಲು ಎಂದು ಚೊಂಬಿನಲ್ಲಿ ನೀರು ಹಿಡಿದು ಬಂದ ಮುದುಕಿಗೂ ಉತ್ತರ ಕೊಡಲಿಲ್ಲ.

ವಾಪಸು ಬಂದರೆ ಛತ್ರಕ್ಕೆ ಬೀಗ. ನಮ್ಮ ಚೀಲಗಳನ್ನು ಹೊರಗೆ ಸಾಲಾಗಿ ಇಟ್ಟಿದ್ದರು. ಈ ಸೀಮೆಯಲ್ಲಿ ಕೇಳಿದ್ದಕ್ಕೆ ಉತ್ತರ ಕೊಡದೆ ಹೋದರೆ ಮಾತು ಬಿಟ್ಟಿದ್ದೇವೆಂದೇ ಅರ್ಥ. ಇಲ್ಲೇ ಹುಟ್ಟಿ ಬೆಳೆದ ನನಗೆ ಅದು ಹೊಳೆಯಲಿಲ್ಲವಲ್ಲ!

"ನಮ್ ಮ್ಯಾಲ ಅದೇನ್ ಕ್ವಾಪ ಮೇಷ್ಟ್ರೇ? ಮೂರ್ ಗಂಟಗ ಬಸ್ಸದ" ಎಂದಷ್ಟೇ ಹೇಳಿ ಪುಟ್ಟಬಸಪ್ಪ ತಮ್ಮ ಮನೆಗೆ ಹೊರಟುಹೋದರು.

ಹೊಲದಿಂದ ಹೂವಿನ ಮೂಟೆ ಹೊತ್ತು ಬಂದ ಚಿಕ್ಕತಾಯಮ್ಮ ನಮ್ಮ ಬಾಡಿದ ಮುಖ ನೋಡಿದರು. ನಾನು ಮೌನದ ಮಹತ್ವ ವಿವರಿಸತೊಡಗಿದೆ.

"ಸಾಕ್ ಬುಡಿ. ಒಳಗ ಕುಂತ್ಕಂಡು ನಾನ್ಯಾರು, ಎಲ್ಲಿಂದ ಬಂದಿನಿ, ಎತ್ತಗ ಓಯ್ತಿನಿ ಅಂತ ನಿಮ್ಮನ್ನ ನೀವೇ ಕೇಳ್ಕತಿರಿ. ಅದ್ನೇ ನಮ್ ಜನ ಬೀದಿಲಿ ಕೇಳುದ್ರ ಬಾಯ್ಗ ಬೀಗ ಜಡ್ಕತಿರಿ. ಏಳಿ, ಬೆಳಿಗ್ಗ ಓಗಿದ್ ಬೀದಿಲೇ ಇನ್ನೊಂದ್ಸಲ ಓಗನ."

ಅವರು ಮುಂದೆ, ನಾವು ಹಿಂದೆ. ಒಂದೊಂದು ಜಗಲಿಯ ಮುಂದೂ ನಿಂತು, "ಈಗ ಕೇಳ್ರವ್ವ, ಉತ್ರ ಕೊಡ್ತರ" ಎನ್ನುತ್ತಿದ್ದರು. ನೀರು ತಂದಿದ್ದ ಮುದುಕಿ ಡಾಕ್ಟರನ್ನು ಹಿಡಿದುಕೊಂಡಿತು. ಅವರು ತಮ್ಮ ಕೆಲಸ, ಆಸ್ಪತ್ರೆ ಎಲ್ಲ ಹೇಳಿದರು.

"ಅದಲ್ಲ ಕಣಪ್ಪ. ಯಾರ್ ಪೈಕಿ ನೀನು?"

"ನಮ್ಮಜ್ಜಿ ಇದೇ ಸೀಮೆಯ ಪುಣಜನೂರಿನವಳು" ಎಂದರು ಡಾಕ್ಟರು. ಆ ಮಾತು ಹೇಳಿ ಎಷ್ಟು ವರ್ಷವಾಗಿತ್ತೋ. ಮುದುಕಿ ಅವರ ಕೈ ಹಿಡಿದು ಕೂರಿಸಿ, ಮತ್ತೊಂದು ಚೊಂಬು ನೀರು ತಂದಿತು. ಈ ಸಲ ಗಟಗಟ ಕುಡಿದರು.

ಐದು ನಿಮಿಷದ ಬೀದಿಗೆ ನಾಲ್ಕು ಗಂಟೆ ಹಿಡಿಯಿತು. ಅಷ್ಟು ನಿಧಾನದ ಪ್ರಯಾಣವನ್ನು ನಾನೂ ಯೋಚಿಸಿರಲಿಲ್ಲ. ಮೂರು ಗಂಟೆಯ ಬಸ್ಸು ತನ್ನಷ್ಟಕ್ಕೆ ಹೊರಟುಹೋಗಿತ್ತು. ಕೊನೆಗೆ ಪುಟ್ಟಬಸಪ್ಪನವರ ಜಗಲಿ.

"ಈಗ ಯೋಳಿ ಮೇಷ್ಟ್ರೇ, ನೀವ್ಯಾರು?"

"ತಪ್ಪು ಮಾಡಿದವನು ಯಜಮಾನ್ರೇ."

"ಇಷ್ಟು ಓದ್ಕಂಡು ಇದೊಂದು ಗೊತ್ತಾಯ್ತಲ್ಲ!" ಎಂದು ನಕ್ಕು ತಾವೇ ಬಂದು ಬೀಗ ತೆಗೆದರು. ಆ ಸಂಜೆಯ ಚರ್ಚೆಗೆ ಇಡೀ ಬೀದಿ ಛತ್ರಕ್ಕೆ ಬಂತು. ಕೂರಲು ಜಾಗವಿಲ್ಲದೆ ಅರ್ಧ ಜನ ನಿಂತೇ ವಾದ ಮಾಡಿದರು. ಚಿಕ್ಕತಾಯಮ್ಮ ನಡುವೆ ಕೂತು, ಜಾರಿಕೊಂಡವರನ್ನು ಬಿಡದೆ ಬಾಯಿ ಬಿಡಿಸಿದರು. ಎಲೆಕ್ಷನ್ ಗೆದ್ದವನಿಗೂ ಅಷ್ಟು ಖುಷಿಯಾಗಿರಲಿಕ್ಕಿಲ್ಲ ನನಗಾದಷ್ಟು.

ಆಮೇಲೆ ಪ್ರತಿ ವರ್ಷವೂ ಶಿಬಿರ ನಡೆಯಿತು. ಹೋದ ಕಾರ್ತಿಕದಲ್ಲಿ ಚಿಕ್ಕತಾಯಮ್ಮ ನಾಲ್ಕು ದಿನದ ಜ್ವರದಲ್ಲಿ ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ, ಎಲ್ಲರೆದುರು ಅತ್ತೆ. ಅವರಿಲ್ಲದ ಶಿಬಿರ ನನ್ನ ಕೈಲಾಗದು ಅನ್ನಿಸಿತು. ಅದನ್ನೇ ಹೇಳಿಬರೋಣವೆಂದು ಮೊನ್ನೆ ಪುಟ್ಟಬಸಪ್ಪನವರ ಮನೆಗೆ ಹೋದೆ.

ಅವರು ನನ್ನ ಮಾತನ್ನು ಪೂರ್ತಿ ಕೇಳಿದರು.

"ಅವಮ್ಮ ಓದ್ರ ಬೀದಿನೂ ಓಗ್ಬುಡ್ತದಾ? ಊಟುಕ್ಕ ಒಂದೊಂದ್ ಮನಗ ಇಬ್ಬಿಬ್ರು ಅಂತ ಎಂಗುಸ್ರು ಆಗ್ಲೇ ಅಂಚ್ಕಂಡವ್ರ. ಈ ಸಲ ಅನ್ನೆರಡು ಜನ ಸಾಲ್ದು ಮೇಷ್ಟ್ರೇ, ನಲವತ್ತು ಜನನ ಕರ್ಕಂಡ್ ಬನ್ನಿ."