ಬರುತ್ತಾರೆ, ಹೋಗುವುದಿಲ್ಲ

ಮಕ್ಕಳೇ, ನಮ್ಮ ಓಣಿಯ ಬಗ್ಗೆ ಒಂದು ಕಾಗದದಲ್ಲಿ ಹೀಗೆ ಬರೆದಿತ್ತು: "ಈ ಭಾಗದ ಹಿರಿಯ ನಾಗರಿಕರು ಬಸ್ಸಿನಲ್ಲಿ ಬರುತ್ತಾರೆ, ಆದರೆ ಹೋಗುವುದಿಲ್ಲ." ಅದನ್ನು ಬರೆದ ಸಾಹೇಬರಿಗೇ ತಲೆ ಕೆಟ್ಟುಹೋಗಿತ್ತು. ಹೋಗದೇ ಇದ್ದವರು ಬರುವುದಾದರೂ ಹೇಗೆ? ಕಾರಣ ಗೊತ್ತಿದ್ದೂ ಹೇಳಲು ನಾಚಿ ನಿಂತವರಲ್ಲಿ ನಿಮ್ಮ ಅಜ್ಜಿಯಾದ ನಾನೂ ಒಬ್ಬಳು. ಆ ಕಥೆಯನ್ನು ಬಾಯಿಂದ ಹೇಳು ಎಂದು ನೀವು ಎಷ್ಟು ಸಲ ಕಾಡಿದಿರಿ. ನನಗೆ ನಡುವೆಯೇ ನಗು ಬರುತ್ತದೆ, ಸೆರಗು ಬಾಯಿಗೆ ಹೋಗುತ್ತದೆ, ಮಾತು ಅಲ್ಲೇ ನಿಲ್ಲುತ್ತದೆ. ಅಡರಕಟ್ಟಿಯ ಶಾಲೆಯಲ್ಲಿ ಏಳನೇ ಇಯತ್ತೆಯವರೆಗೆ ಕಲಿತ ಅಕ್ಷರ ಇನ್ನೂ ಕೈಬಿಟ್ಟಿಲ್ಲ. ಅದಕ್ಕೆ ಬರೆದೇ ಕೊಡುತ್ತೇನೆ.

ನಾವಿರುವುದು ಬೆಟಗೇರಿಯ ಈ ತುದಿ, ನನ್ನ ಅಕ್ಕ ಇರುವುದು ಗದುಗಿನ ಆ ತುದಿ, ಮುಳಗುಂದ ನಾಕಾದ ಹತ್ತಿರ. ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ಅವಳಿಗೆ ಈಗ ಕಣ್ಣು ಮಂದ, ಹೊಸ್ತಿಲು ದಾಟುವುದಿಲ್ಲ. ಬೇಕೆಂದರೆ ನಾನೇ ಹೋಗಬೇಕು. ನಿಮ್ಮ ಅಪ್ಪ ಒಳ್ಳೆಯವನು, ತಿಂಗಳಿಗೊಮ್ಮೆ ಬೈಕಿನ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದ. ಆದರೆ ಅವನು ಬಾಗಿಲಲ್ಲೇ ಬೈಕಿನ ಮೇಲೆ ಕುಳಿತು, "ಅವ್ವಾ, ಐದು ನಿಮಿಷ" ಅನ್ನುತ್ತಿದ್ದ. ಐದು ನಿಮಿಷದಲ್ಲಿ ಇಬ್ಬರು ಮುದುಕಿಯರು ಏನು ಮಾತಾಡಿಯಾರು? ಮೊಣಕಾಲಿನ ಸಮಾಚಾರವೇ ಮುಗಿಯುತ್ತಿರಲಿಲ್ಲ.

ಆಟೋ ಇಲ್ಲವೇ ಎಂದು ಕೇಳಬೇಡಿ. ನಿಮ್ಮ ಅಜ್ಜ ಇದ್ದಷ್ಟು ದಿನ ಗಾಡಿಯವರ ಜೊತೆ ಅವರೇ ಮಾತಾಡುತ್ತಿದ್ದರು, ನಾನು ಹಿಂದೆ ನಡೆಯುತ್ತಿದ್ದೆ. ಗುರುತಿಲ್ಲದವನನ್ನು ಕೈಮಾಡಿ ನಿಲ್ಲಿಸಿ, ಇಂಥಲ್ಲಿಗೆ ಬಾ ಎಂದು ಹೇಳುವುದು ನನ್ನಿಂದಾಗದ ಕೆಲಸ. ಹತ್ತು ಜನರನ್ನು ತುರುಕಿಕೊಂಡು ಓಡುವ ಟಂಟಂ ಗಾಡಿ ಏರಲಂತೂ ಮೊಣಕಾಲು ಒಪ್ಪುವುದಿಲ್ಲ.

ಹಾಗಿರುವಾಗ ಊರಿಗೆ ವಯಸ್ಸಾದವರಿಗೆಂದೇ ಕರೆಂಟಿನ ಸಣ್ಣ ಬಸ್ಸುಗಳು ಬಂದವು. ಟಿಕೆಟ್ ಇಲ್ಲ. ಮೆಟ್ಟಿಲು ಎಷ್ಟು ಗಿಡ್ಡ ಅಂದರೆ ಕೋಳಿಯೂ ಹಾರದೆ ಏರಬಹುದು. ಸಪ್ಪಳವೂ ಇಲ್ಲ. ನಮ್ಮ ಓಣಿಯ ಮೂಲೆಯ ಬೇವಿನ ಮರದ ಕೆಳಗೆ ಅದಕ್ಕೆ ಕರೆಂಟು ತುಂಬಿಸುವ ಕಂಬ ನೆಟ್ಟರು, ಪಕ್ಕಕ್ಕೆ ಎರಡು ಬೆಂಚು ಹಾಕಿದರು. ಬಸ್ಸು ಕಂಬಕ್ಕೆ ಬಾಯಿ ಹಚ್ಚಿ ನಿಂತಾಗ ನಮ್ಮ ಮುದುಕರು, "ಉಣ್ಣಾಕತ್ತೈತಿ, ಮಾತಾಡಸಬ್ಯಾಡ್ರಿ" ಅನ್ನುತ್ತಿದ್ದರು. ಬಸ್ಸು ಅಕ್ಕನ ಮನೆಯ ಮುಂದೆಯೇ ಹಾದುಹೋಗುತ್ತದೆ ಎಂದು ತಿಳಿದ ದಿನ ನಾನು ಟ್ರಂಕಿನಿಂದ ಒಳ್ಳೆಯ ಸೀರೆ ತೆಗೆದಿಟ್ಟೆ. ಯಾರನ್ನೂ ಕಾಯದೆ, ಒಬ್ಬಳೇ ಹೋಗಿ, ಮಧ್ಯಾಹ್ನವೆಲ್ಲ ಅಕ್ಕನ ಹತ್ತಿರ ಕುಳಿತು ಬರಬೇಕು. ಅಷ್ಟೇ ನನ್ನ ಆಸೆ.

ಒಂದು ಷರತ್ತಿತ್ತು. ಒಂದು ತಿಂಗಳು ನೋಡುತ್ತೇವೆ, ಹತ್ತುವವರು ಇಲ್ಲದಿದ್ದರೆ ಬಸ್ಸನ್ನು ಬೇರೆ ಕಡೆ ಹಾಕುತ್ತೇವೆ ಎಂದು ಬಸ್ಸಿನ ಕಚೇರಿಯವರು ಮೊದಲೇ ಹೇಳಿದ್ದರು. ನಾವೆಲ್ಲ ನಕ್ಕೆವು. ಪುಕ್ಕಟೆ ಬಸ್ಸಿಗೆ ಹತ್ತದವರು ಯಾರಿದ್ದಾರೆ!

ಮೊದಲನೆಯ ಮಂಗಳವಾರ ಸೀರೆ ಉಟ್ಟು, ಅಕ್ಕನಿಗೆಂದು ಶೇಂಗಾ ಉಂಡಿ ಕಟ್ಟಿಕೊಂಡು ನಿಂತೆ. ಬಸ್ಸು ಬಂತು, ಬಾಗಿಲು ತಾನೇ ತೆರೆಯಿತು. ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟೆನೋ ಇಲ್ಲವೋ, ಬಾಗಿಲ ಮೇಲಿನ ಪೆಟ್ಟಿಗೆಯಿಂದ ಒಬ್ಬ ಹೆಣ್ಣುಮಗಳು ಪುಸ್ತಕದ ಕನ್ನಡದಲ್ಲಿ ಕೇಳಿದಳು:

"ನಮಸ್ಕಾರ. ನೀವು ಎಲ್ಲಿಗೆ ಹೋಗಬೇಕು?"

ನನ್ನ ಕಾಲು ತಾನಾಗಿಯೇ ಕೆಳಗೆ ಬಂತು.

ನಿಮಗೆ ಗೊತ್ತಿರಲಿಕ್ಕಿಲ್ಲ, ಹೇಳುತ್ತೇನೆ. ಮನೆ ಬಿಟ್ಟು ಹೊರಟವರನ್ನು "ಎಲ್ಲಿಗೆ" ಎಂದು ಕೇಳಬಾರದು. ಕೇಳಿದರೆ ಹೋದ ಕೆಲಸ ಕೆಡುತ್ತದೆ. ಕೇಳಿಸಿಕೊಂಡವರು ಮನೆಗೆ ತಿರುಗಿ ಬಂದು, ಚಪ್ಪಲಿ ಬಿಟ್ಟು, ತುಸು ಕುಳಿತು, ನೀರು ಕುಡಿದು, ಹೊಸದಾಗಿ ಹೊರಡಬೇಕು. ನಮ್ಮ ಕಡೆ ತಿಳಿದವರು "ದೂರ ಹೊಂಟೀರೇನ್ರಿ?" ಎಂದಷ್ಟೇ ಕೇಳುತ್ತಾರೆ. ನಾನು ಇದನ್ನೆಲ್ಲ ನಂಬುತ್ತೇನೋ ಇಲ್ಲವೋ ನನಗೇ ಗೊತ್ತಿಲ್ಲ. ನನ್ನ ಕಾಲು ಮಾತ್ರ ನಂಬುತ್ತದೆ.

ಮನೆಗೆ ಹೋದೆ, ಕುಳಿತೆ, ನೀರು ಕುಡಿದೆ, ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡು ಬಂದೆ. ಬಸ್ಸು ಹೋಗಿತ್ತು. ಇದ್ದಿದ್ದರೂ ಆಕೆ ಮತ್ತೆ ಅದನ್ನೇ ಕೇಳುತ್ತಿದ್ದಳು.

ನನ್ನೊಬ್ಬಳದೇ ಪಾಡಲ್ಲ ಇದು. ಪಕ್ಕದ ಮನೆಯ ಬಳೆಗಾರ ಬೂಬು ನಿಮಗೆ ಗೊತ್ತಲ್ಲ, ಐವತ್ತು ವರ್ಷ ಓಣಿ ಓಣಿ ಕೂಗಿ ಬಳೆ ಮಾರಿದ ಗಂಟಲು ಅವಳದು. ಈಗ ನಾನು ಬಳೆ ತೊಡುವುದಿಲ್ಲ, ಆದರೂ ದಿನಾ ಬಂದು ಕುಳಿತು ಮಾತನ್ನು ಪುಕ್ಕಟೆ ಕೊಟ್ಟುಹೋಗುತ್ತಾಳೆ. ಅವಳು ಮೆಟ್ಟಿಲ ಮೇಲೆಯೇ ನಿಂತು ಪೆಟ್ಟಿಗೆಯ ಜೊತೆ ಜಗಳ ತೆಗೆದಳು.

"ಯಾರವಾ ನೀನು? ಗುರುತಿಲ್ಲ ಪರಿಚಯ ಇಲ್ಲ, ಹೊಂಟಾವ್ರನ್ನ ಎಲ್ಲಿಗೆ ಅಂತಿ? ನಿಮ್ಮವ್ವ ಕಲಿಸಿಲ್ಲೇನು?"

"ದಯವಿಟ್ಟು ನೀವು ಎಲ್ಲಿಗೆ ಹೋಗಬೇಕು ಎಂದು ತಿಳಿಸಿ" ಎಂದಳು ಪೆಟ್ಟಿಗೆಯವಳು.

"ಮತ್ತ ಅಂದ್ಲು ನೋಡ! ಎರಡು ಸರ್ತಿ!" ಎನ್ನುತ್ತ ಬೂಬು ಇಳಿದು ಮನೆಗೆ ಹೊರಟಳು. ಎರಡು ಸಲ ಕೇಳಿದ್ದಕ್ಕೆ ಎರಡು ಲೋಟ ನೀರು ಕುಡಿದಳಂತೆ.

ಎದುರು ಮನೆಯ ನಿವೃತ್ತ ಮಾಸ್ತರರು ನಮ್ಮನ್ನು ನೋಡಿ ನಕ್ಕರು. "ಇದೆಲ್ಲ ಮೂಢನಂಬಿಕಿ. ನಲವತ್ತು ವರ್ಷ ನಾನು ಹುಡುಗರಿಗೆ ಏನು ಕಲಿಸಿದ್ನಿ? ನಾ ಹತ್ತತೀನಿ ನೋಡ್ರಿ" ಎಂದು ಕೊಡೆ ಊರಿಕೊಂಡು ಬಂದರು. ಕಾಲಿಟ್ಟರು. ಆಕೆ ಕೇಳಿದಳು. ಮಾಸ್ತರರು ಅರೆಗಳಿಗೆ ನಿಂತರು. ಆಮೇಲೆ, "ಛೇ, ಕನ್ನಡಕ ಮರತೆ" ಎಂದು ತಿರುಗಿದರು. ಕನ್ನಡಕ ಮೂಗಿನ ಮೇಲೆಯೇ ಇತ್ತು.

ಬಸ್ಸು ನಡೆಸುವವನು ಶಿರಹಟ್ಟಿಯವನು, ಐವತ್ತರ ಆಸುಪಾಸು, ನಮ್ಮ ನೋವು ಅವನಿಗೆ ತಿಳಿಯುತ್ತಿತ್ತು. "ನಾ ಏನು ಮಾಡ್ಲಿ ಅಮ್ಮಾರ? ಪೆಟಿಗಿ ಮಾಡಿದಾವ್ರು ಯಾವ ಸೀಮ್ಯಾವ್ರೋ ಏನೋ. ಅದನ್ನ ಮುಟ್ಟಿದ್ರ ನನ್ನ ನೌಕರಿ ಹೊಕ್ಕೈತಿ" ಅನ್ನುತ್ತಿದ್ದ. ಆಕೆಯ ದನಿ ಕೇಳಿಸಬಾರದೆಂದು ಬಾಗಿಲು ತೆರೆಯುವಾಗ ಜೋರಾಗಿ ಕೆಮ್ಮುತ್ತಿದ್ದ. ಪಾಪ, ಅವನ ಕೆಮ್ಮು ಮುಗಿಯುವವರೆಗೆ ಕಾದು ಆಕೆ ಎರಡನೆಯ ಸಲ ಕೇಳುತ್ತಿದ್ದಳು.

ನಾನೂ ಒಂದು ಉಪಾಯ ಮಾಡಿದೆ. ಮುಂದಿನ ಮಂಗಳವಾರ ಎರಡೂ ಕಿವಿಗೆ ಅರಳೆ ತುಂಬಿಕೊಂಡು ಹೋದೆ. ನನಗೆ ಏನೂ ಕೇಳಿಸಲಿಲ್ಲ, ಎರಡೂ ಕಾಲು ಒಳಗೆ ಇಟ್ಟಾಗಿತ್ತು. ಅಷ್ಟರಲ್ಲಿ ಯಾರೋ ಹಿಂದಿನಿಂದ ಸೆರಗು ಹಿಡಿದು ಎಳೆದರು. ತಿರುಗಿದರೆ ಬೂಬು. ಅರಳೆ ಕಿತ್ತು ಕೇಳಿದೆ, ಏನಾಯಿತೆಂದು.

"ಅಕಿ ಕೇಳಿದ್ಲವಾ!"

"ನನಗ ಕೇಳಿಸಿಲ್ಲಲ್ಲೇ."

"ನಿನಗ ಕೇಳಿಸಲಿಲ್ಲಂದ್ರ ಏನಾತು, ನನಗ ಕೇಳಿಸ್ತಲ್ಲ! ಗೊತ್ತಿದ್ದೂ ಕಳಿಸಿ, ನಾಳೆ ಏನಾರ ಆದ್ರ ನಿನ್ನ ಮಗನಿಗೆ ನಾ ಏನು ಜವಾಬು ಕೊಡ್ಲಿ?"

ಮತ್ತೆ ಮನೆ, ಮತ್ತೆ ನೀರು. ಆ ತಿಂಗಳು ನಾನು ಕುಡಿದಷ್ಟು ನೀರು ಬೇಸಿಗೆಯಲ್ಲಿಯೂ ಕುಡಿದಿಲ್ಲ. ಉಂಡಿಗಳನ್ನು ನೀವೇ ತಿಂದು ಮುಗಿಸಿದಿರಿ.

ಇಷ್ಟಾದರೂ ಬಸ್ಸು ನಮ್ಮ ಓಣಿಗೆ ಬರುವಾಗ ತುಂಬಿಯೇ ಬರುತ್ತಿತ್ತು. ಗಟ್ಟಿ ಮುದುಕರು ಹೋಗುವಾಗ ಟಂಟಂ ಹಿಡಿದು ಹೋಗುತ್ತಿದ್ದರು. ದವಾಖಾನೆ, ಸಂತೆ ಮುಗಿಸಿ ಬರುವಾಗ ಬಸ್ಸು ಏರುತ್ತಿದ್ದರು. ಮನೆಗೆ ಮರಳುವವರನ್ನು ಯಾರು ಏನು ಕೇಳಿದರೂ ದೋಷವಿಲ್ಲ. ಆಗ ಎಲ್ಲರೂ ಪೆಟ್ಟಿಗೆಯವಳಿಗೆ, "ಮನಿಗೆವಾ, ಮನಿಗೆ" ಎಂದು ಅಕ್ಕರೆಯಿಂದ ಉತ್ತರ ಕೊಡುತ್ತಿದ್ದರು. ನಾನು ಟಂಟಂ ಏರುವವಳಲ್ಲ, ಹಾಗಾಗಿ ನನಗೆ ಹೋಗುವುದೂ ಇಲ್ಲ, ಬರುವುದೂ ಇಲ್ಲ.

ತಿಂಗಳು ಮುಗಿಯುವ ದಿನ ಆ ಕಚೇರಿಯ ಒಬ್ಬ ಸಾಹೇಬರು ಕಾಗದ ಹಿಡಿದು ಅದೇ ಬಸ್ಸಿನಲ್ಲಿ ಬಂದರು. ಬಸ್ಸಿಗೆ ಕಂಬದ ಊಟ ಆಗುವವರೆಗೆ ಅವರೂ ಹೋಗುವಂತಿರಲಿಲ್ಲ, ಬೆಂಚಿನ ಮೇಲೆ ಕುಳಿತರು. ಓಣಿಯವರೆಲ್ಲ ಬೇವಿನ ನೆರಳಿಗೆ ಸೇರಿದೆವು. ಅವರು ಕಾಗದ ಓದಿ ಹೇಳಿದರು: "ನೀವು ಬರ್ತೀರಿ, ಹೋಗೋದಿಲ್ಲ. ಯಾಕೆ? ಕಾರಣ ಹೇಳದಿದ್ದರೆ ಸೋಮವಾರದಿಂದ ಬಸ್ಸು ಈ ಕಡೆ ಬರೋದಿಲ್ಲ."

ಎಲ್ಲರೂ ಮಾಸ್ತರರ ಮುಖ ನೋಡಿದೆವು. ಮಾಸ್ತರರು ಎದ್ದು, ಗಂಟಲು ಸರಿಮಾಡಿಕೊಂಡು, ಹಿಂದೆ ಜನ ಚಕ್ಕಡಿಯಲ್ಲಿ ಹೋಗುತ್ತಿದ್ದುದರಿಂದ ಶುರುಮಾಡಿದರು. ಚಕ್ಕಡಿ ಆಯಿತು, ಟಾಂಗಾ ಆಯಿತು, ರೈಲು ಆಯಿತು, ಡೀಸೆಲ್ಲಿನ ಹೊಗೆಯಿಂದ ಗಾಳಿ ಕೆಡುವುದೂ ಆಯಿತು. ಕನ್ನಡಕದ ವಿಷಯ ಮಾತ್ರ ಬರಲಿಲ್ಲ. ಬೂಬುವನ್ನು ಚಿವುಟಿದೆ. ಅವಳು, "ಕಲಿತಾವ್ರ ಮುಂದ ಇಂಥಾದ್ದು ಹೆಂಗ ಹೇಳಲೇ? ನಗ್ತಾರ" ಎಂದು ಪಿಸುಗುಟ್ಟಿದಳು. ಐವತ್ತು ವರ್ಷದಲ್ಲಿ ಅವಳು ಪಿಸುಗುಟ್ಟಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಅಷ್ಟರಲ್ಲಿ ಶಿರಹಟ್ಟಿಯವನು ಎದ್ದು ಬಸ್ಸಿನಿಂದ ವಾಯರು ಕೀಳತೊಡಗಿದ. ಊಟ ಮುಗಿದಿತ್ತು. ಸಾಹೇಬರು ಕಾಗದ ಮಡಚಿದರು. ಇನ್ನು ಈ ಬಸ್ಸು ಹೋದರೆ ಹೋಯಿತು, ಮತ್ತೆ ನನ್ನ ಪಾಲಿಗೆ ಆ ಬೈಕು, ಆ ಐದು ನಿಮಿಷ. ಹೇಗೆ ಹೋದೆನೋ ಗೊತ್ತಿಲ್ಲ, ಸಾಹೇಬರ ಮುಂದೆ ನಿಂತಿದ್ದೆ. ನೆಲ ನೋಡಿಕೊಂಡೇ ಅಂದೆ:

"ಸಾಹೇಬ್ರ, ಮೊದಲ ಅಕಿ ಬಾಯಿ ಮುಚ್ಚಸ್ರಿ."

ಸಾಹೇಬರು ಗಾಬರಿಯಾಗಿ ಬೂಬುವಿನ ಕಡೆ ನೋಡಿದರು.

"ನಂದಾ? ನಾ ಏನು ಮಾತಾಡೇನ್ರಿ?" ಎಂದಳು ಬೂಬು.

"ನಿಂದಲ್ಲಲೇ. ಬಸ್ಸಿನಾಗಿನಾಕಿದು. ಹೊಂಟಾವ್ರನ್ನ ಎಲ್ಲಿಗೆ ಅಂತಾಳ್ರಿ. ಹಂಗ ಕೇಳಿದ ಮ್ಯಾಲೆ ನಾವು ಹೆಂಗ ಹೋಗೂಣು?"

ಸಾಹೇಬರು ತಮ್ಮ ಹಣೆಗೆ ತಾವೇ ಹೊಡೆದುಕೊಂಡರು. "ಅಯ್ಯೋ! ನಮ್ಮ ಅಜ್ಜಿಗೆ ಹಾಗೆ ಕೇಳಿ ನಾನು ಎಷ್ಟು ಬೈಸಿಕೊಂಡಿದ್ದೀನಿ!" ಎಂದು ನಗಹತ್ತಿದರು. ಅವರು ನಕ್ಕದ್ದೇ ತಡ, ಓಣಿಯವರೆಲ್ಲ ಒಟ್ಟಿಗೆ ಮಾತಾಡಿದರು. ಮಾಸ್ತರರು, "ನಾನೂ ಅದಕ್ಕೇ ಬರೂವವನಿದ್ದೆ, ಪೀಠಿಕಿ ಉದ್ದಾತು" ಅಂದರು.

"ಹಾಗಾದರೆ ಏನಂತ ಕೇಳಬೇಕು?" ಎಂದರು ಸಾಹೇಬರು.

"ದೂರ ಹೊಂಟೀರೇನ್ರಿ, ಅಂತ ಕೇಳಬೇಕ್ರಿ."

"ಅಷ್ಟೇ ಕೇಳಿದರೆ ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಾಗೋದು ಹೇಗೆ?"

ಈ ಸಲ ನಾನು ತಲೆ ಎತ್ತಿದೆ. "ದೂರ ಅಂತ ಕೇಳಿ ನೋಡ್ರಿ. ಎಲ್ಲಿಗೆ, ಯಾರ ಮನಿಗೆ, ಯಾತಕ್ಕ, ಗಂಟಿನ್ಯಾಗ ಏನೈತಿ, ಎಲ್ಲಾ ತಾವೇ ಹೇಳ್ತಾರ. ಸಾಕ್ರೀ ಅಂದ್ರೂ ಬಿಡೂದಿಲ್ಲ."

ಹೊಸ ಮಾತನ್ನು ಅಲ್ಲೇ ಮೊಬೈಲಿನಲ್ಲಿ ಹಿಡಿಯುವುದೆಂದಾಯಿತು. ಎಲ್ಲರೂ ನನ್ನನ್ನು ಮುಂದೆ ತಳ್ಳಿದರು. ನಾನು ಬಾಯಿ ತೆರೆದೆ, ದನಿ ಬರಲಿಲ್ಲ. ಆ ದಿನದ ನನ್ನ ಮಾತೆಲ್ಲ ಖರ್ಚಾಗಿತ್ತು. ಬೂಬು ನನ್ನನ್ನು ಪಕ್ಕಕ್ಕೆ ಸರಿಸಿ ನಿಂತಳು. ಮೊದಲ ಸಲ ಅವಳು ಕೂಗಿದ್ದಕ್ಕೆ ಬೇವಿನ ಮರದ ಗುಬ್ಬಿಗಳು ಹಾರಿಹೋದವು. ಎರಡನೆಯ ಸಲ ಅಭ್ಯಾಸಬಲದಿಂದ "ಬಳೀ..." ಎಂದು ಶುರುಮಾಡಿ ನಾಲಿಗೆ ಕಚ್ಚಿಕೊಂಡಳು. ಮೂರನೆಯ ಸಲ ಸರಿಯಾಯಿತು. "ದೂರ ಹೊಂಟೀರೇನ್ರಿ? ಬರ್ರಿ, ಕುಂಡ್ರಿ. ಜ್ವಾಕಿ, ಕಾಲು ಎತ್ತಿ ಇಡ್ರಿ." ಕಾಲಿನ ಮಾತನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ತಾನೇ ಸೇರಿಸಿದಳು. ಸಾಹೇಬರು ಅದನ್ನೂ ಇರಲಿ ಅಂದರು. ಕಾಗದದಲ್ಲಿ ಇನ್ನೊಂದು ತಿಂಗಳು ಎಂದು ಬರೆದರು.

ಪೆಟ್ಟಿಗೆ ಮಾಡಿದವರು ಆ ದನಿ ಕೂಡಿಸಲು ಒಂದು ವಾರ ತೆಗೆದುಕೊಂಡರು. ಮುಂದಿನ ಮಂಗಳವಾರ ಬಸ್ಸು ತುಂಬಿ ಹೊರಟಿತು. ಬೂಬು ಬಸ್ಸು ಹತ್ತಲಿಲ್ಲ, ತನ್ನ ದನಿ ಕೇಳುತ್ತ ಬಾಗಿಲ ಹತ್ತಿರವೇ ಮದುವೆಮನೆಯ ಯಜಮಾನಿಯ ಹಾಗೆ ನಿಂತಿದ್ದಳು. ಪೆಟ್ಟಿಗೆ ನನ್ನನ್ನು ಕೇಳಿದ್ದೇ ತಡ, ನಾನು ಶಿರಹಟ್ಟಿಯವನಿಗೆ ಅಕ್ಕನ ಮನೆ, ಅಕ್ಕನ ಕಣ್ಣು, ಉಂಡಿಗೆ ಹಾಕಿದ ಬೆಲ್ಲ, ಎಲ್ಲ ಹೇಳಿದೆ. ಮನೆಯವನಲ್ಲದ ಗಂಡಸಿನ ಜೊತೆ ಅಷ್ಟು ಮಾತಾಡಿದ್ದು ಮುಳಗುಂದ ನಾಕಾ ಬಂದ ಮೇಲೆಯೇ ನೆನಪಾಗಿದ್ದು.

ಅಕ್ಕ ನನ್ನ ಮುಖ ತಡವಿ, "ಯಾರ ಕೂಡ ಬಂದಿ?" ಅಂದಳು.

"ಒಬ್ಬಾಕಿನೇ."

"ಸುಳ್ಳು" ಎಂದು ಬಾಗಿಲವರೆಗೆ ಗೋಡೆ ಹಿಡಿದುಕೊಂಡು ಹೋಗಿ, "ಒಳಗ ಬಾರೋ ಅಪ್ಪಾ, ಹೊರಗ್ಯಾಕ ನಿಂತಿ" ಎಂದು ಅಲ್ಲಿಗೆ ಬಂದೇ ಇರದ ನಿಮ್ಮ ಅಪ್ಪನನ್ನು ಕರೆದಳು. ಯಾರೂ ಓಗೊಡದಿದ್ದಾಗ ಬಂದು ಕುಳಿತಳು. ಆದರೂ ಐದು ನಿಮಿಷದ ರೂಢಿ ಬಿಡಬೇಕಲ್ಲ. ಮೊಣಕಾಲು, ಸೊಸೆ, ಬಿಪಿ ಗುಳಿಗೆ, ಹಿತ್ತಲಿನ ಕರಿಬೇವು ಎಂದು ಒಂದೇ ಉಸಿರಿನಲ್ಲಿ ಓಡಿಸಿದಳು. ನಾನೂ ಓಡಿಸಿದೆ. ಅರ್ಧ ತಾಸಿನಲ್ಲಿ ಇಬ್ಬರ ಮಾತೂ ಮುಗಿದು, ಇನ್ನೇನು ಎಂದು ಮುಖ ಮುಖ ನೋಡಿಕೊಂಡೆವು. ಹೊರಗೆ ಯಾರೂ ಹಾರ್ನು ಹೊಡೆಯಲಿಲ್ಲ.

ಅಕ್ಕ ಮೊರದ ತುಂಬ ಜೋಳ ತಂದಿಟ್ಟಳು. ನಾನು ಕಲ್ಲು ಆರಿಸುತ್ತಿದ್ದೆ, ಅವಳು ಕೈಯಿಂದ ಕಾಳು ಸವರುತ್ತಿದ್ದಳು. ಸ್ವಲ್ಪ ಹೊತ್ತಿಗೆ ಅವಳ ಕೈ ನಿಂತಿತು. ಗೋಡೆಗೆ ಒರಗಿ ಬಾಯಿ ತೆರೆದು ನಿದ್ದೆ ಹೋಗಿದ್ದಳು. ಬಸ್ಸು ಮತ್ತೆ ಬರುವುದು ಐದಕ್ಕೆ. ನಾನು ಅವಳನ್ನು ಎಬ್ಬಿಸಲಿಲ್ಲ, ಮೊರವನ್ನು ನನ್ನ ಕಡೆ ಎಳೆದುಕೊಂಡು ಉಳಿದ ಜೋಳ ಹಸನು ಮಾಡುತ್ತ ಕುಳಿತೆ.