ಕಿವಿಗೆ ಉಜ್ಜಿ ಆರಿಸಿದ ಕೋಟು

ಅಕ್ಟೋಬರ್ ಕೊನೆಯ ಭಾನುವಾರ ನನ್ನ ಡೈರಿಯಲ್ಲಿ ಹೀಗೆ ಬರೆದುಕೊಂಡಿದ್ದೇನೆ: ‘ಚಳಿಗೆ ನನ್ನ ಹತ್ತಿರ ಇರುವುದು: ಜಾಕೆಟ್ ಮೂರು, ಸ್ವೆಟರ್ ಎರಡು, ಮಂಕಿ ಕ್ಯಾಪ್ ಒಂದು. ಪಾಸಾದದ್ದು: ಮಂಕಿ ಕ್ಯಾಪ್.’

ಪರೀಕ್ಷೆ ಮಾಡಿದವರು ನಮ್ಮ ಮನೆಯೊಡತಿ. ನೇಸ್ ಊರಿನ ಹೊರಗಿರುವ ಅವರ ಮನೆಯ ಮಹಡಿ ಕೋಣೆಯಲ್ಲಿ ನಾನು ಬಾಡಿಗೆಗಿದ್ದೇನೆ. ವಾರದಲ್ಲಿ ಮೂರು ದಿನ ಲೆಪರ್ಡ್ಸ್‌ಟೌನ್‌ನ ಆಫೀಸಿಗೆ ಹೋಗುತ್ತೇನೆ, ಉಳಿದ ದಿನ ಅವರ ಅಡುಗೆಮನೆಯ ಮೇಜಿನ ಮೇಲೆಯೇ ಕೋಡ್ ಬರೆಯುತ್ತೇನೆ. ಎಪ್ಪತ್ತು ದಾಟಿದ ಈ ಐರಿಷ್ ಹೆಂಗಸು ಚಳಿಗಾಲದ ಶನಿವಾರಗಳಲ್ಲಿ ರೈಫಲ್ ಹೊತ್ತು ವಿಕ್ಲೋ ಗುಡ್ಡಗಳಿಗೆ ಜಿಂಕೆ ಬೇಟೆಗೆ ಹೋಗುತ್ತಾರೆ. ಲೈಸೆನ್ಸು, ಜಮೀನಿನವರ ಅನುಮತಿ, ಎಲ್ಲವೂ ಅಚ್ಚುಕಟ್ಟು. ನಾನೋ, ಮೊಟ್ಟೆ ಹಾಕಿದ ಕೇಕ್ ತಿನ್ನುವ, ಆದರೆ ಮೊಟ್ಟೆ ತಿನ್ನದ ಜಾತಿಯ ಸಸ್ಯಾಹಾರಿ. ಇಬ್ಬರೂ ಒಂದೇ ಫ್ರಿಜ್‌ನಲ್ಲಿ ಬೇರೆ ಬೇರೆ ಅರೆಗಳಲ್ಲಿ ಶಾಂತಿಯಿಂದ ಬಾಳುತ್ತಿದ್ದೆವು.

ಆ ಭಾನುವಾರ ಅವರು ಕೆಟಲ್ ಆನ್ ಮಾಡಿ ನನ್ನ ಕಡೆ ತಿರುಗಿದರು. ಅವರು ಆಡುವುದು ಇಂಗ್ಲಿಷ್. ನನ್ನ ಡೈರಿಯಲ್ಲಿ ಮಾತ್ರ ನಮ್ಮೂರ ಕನ್ನಡದಲ್ಲೇ ಮಾತಾಡುತ್ತಾರೆ.

“ಇನ್ಮೇಲೆ ಒಬ್ಬಳೇ ಗುಡ್ಡ ಹತ್ತಬಾರದಂತೆ. ಮಗಳ ಆರ್ಡರ್. ನೀನು ಬರ್ತೀಯಾ ಮರಿ?”

“ನಾನು ರೈಫಲ್ ಮುಟ್ಟಲ್ಲ, ಮಾಂಸ ಹೊರಲ್ಲ. ಬ್ಯಾಗು, ಫ್ಲಾಸ್ಕು ಹೊರ್ತೀನಿ,” ಅಂದೆ.

“ಗ್ರ್ಯಾಂಡ್.” ಈ ದೇಶದಲ್ಲಿ ಆ ಒಂದು ಮಾತಿನಲ್ಲಿ ‘ಆಗಲಿ’, ‘ಪರವಾಗಿಲ್ಲ’, ‘ಸುಮ್ಮನಿರು’ ಎಲ್ಲ ಬಂದುಬಿಡುತ್ತವೆ. ಅವರೇ ಮುಂದುವರಿಸಿದರು: “ಹೋದ ಫೆಬ್ರವರಿಲಿ ಗುರಿ ಹಿಡಿದಾಗ ಕೈ ನಡುಗ್ತು. ಹೊಡೀಲಿಲ್ಲ. ನಡುಗೋ ಕೈಲಿ ಹೊಡೆದ್ರೆ ಪ್ರಾಣಿ ಗಾಯ ಹೊತ್ಕೊಂಡು ಹೋಗಿ ಎಲ್ಲೋ ನರಳುತ್ತೆ. ವಯಸ್ಸಾಯ್ತು ಅನ್ಸುತ್ತೆ. ಈ ಸಲಾನೂ ನಡುಗಿದ್ರೆ ರೈಫಲ್ ಮಾರಿಬಿಡ್ತೀನಿ.”

ಹಳೆಯ ವಾಷಿಂಗ್ ಮೆಷೀನ್ ಮಾರುವ ಧಾಟಿಯಲ್ಲೇ ಹೇಳಿದರು. ಆದರೆ ಆಗಲೇ ಕುದಿದು ನಿಂತಿದ್ದ ಕೆಟಲನ್ನು ಇನ್ನೊಮ್ಮೆ ಆನ್ ಮಾಡಿದರು.

ನನ್ನ ಬಟ್ಟೆಗಳ ವಿಚಾರಣೆ ಶುರುವಾದದ್ದು ಆಮೇಲೆ. ಹಿಂದೊಮ್ಮೆ ಅವರ ಸೋದರಳಿಯ ಜೀನ್ಸ್ ಹಾಕಿಕೊಂಡು ಬಂದಿದ್ದನಂತೆ. ಜೀನ್ಸ್ ನೆನೆದು, ಅವನು ನಡುಗಿ, ಮಧ್ಯಾಹ್ನಕ್ಕೆ ಮೊದಲೇ ಇಬ್ಬರೂ ಇಳಿದು ಬರಬೇಕಾಯಿತಂತೆ. ಅದಕ್ಕೇ ಈ ಎಚ್ಚರ.

ಮೊದಲು ಆಫೀಸಿನವರು ಕೊಟ್ಟ ನೀಲಿ ಜಾಕೆಟ್. “ಜಿಂಕೆಗೆ ಕೆಂಪು ಸರಿಯಾಗಿ ಕಾಣಲ್ಲ, ನೀಲಿ ಚೆನ್ನಾಗಿ ಕಾಣುತ್ತೆ. ಇದನ್ನ ಹಾಕ್ಕೊಳ್ಳೋ ಬದಲು, ಬರ್ತಿದ್ದೀವಿ ಅಂತ ಮೆಸೇಜೇ ಕಳಿಸಿಬಿಡು.” ಎರಡನೆಯದು ರೇನ್‌ಕೋಟ್. ಕಣ್ಣು ಮುಚ್ಚಿ ಅದರ ತೋಳನ್ನು ಕಿವಿಯ ಹತ್ತಿರ ಉಜ್ಜಿದರು. ಚರಪರ ಅಂತು. “ಚಿಪ್ಸ್ ಪ್ಯಾಕೆಟ್,” ಎಂದು ಪಕ್ಕಕ್ಕೆಸೆದರು. ಮೂರನೆಯದು ಬೆಂಗಳೂರಿನಿಂದ ಹೆಮ್ಮೆಯಿಂದ ತಂದಿದ್ದ ಉಬ್ಬುಬ್ಬು ಜಾಕೆಟ್. ಅದನ್ನು ಅಂಗಳಕ್ಕೆ ಒಯ್ದು, ಬೇಲಿಯ ಮುಳ್ಳುಕೊಂಬೆ ಮುರಿದು ಅದರ ಮೇಲೆ ಒಂದು ಗೆರೆ ಎಳೆದರು. ಬಿಳಿ ಪುಕ್ಕ ಹಾರಿ ಅಂಗಳವೆಲ್ಲ ತುಂಬಿತು.

“ಜಿಂಕೆ ಮುಟ್ಟಲ್ಲ ಅಂತೀಯ. ಎಷ್ಟು ಬಾತುಕೋಳಿ ಹೊದ್ಕೊಂಡು ಓಡಾಡ್ತಿದ್ದೀಯ ನೋಡು!”

ನಾನು ಪುಕ್ಕ ಹೆಕ್ಕುತ್ತಲೇ ಸ್ವೆಟರುಗಳನ್ನು ಮುಂದಿಟ್ಟೆ. ಸ್ವೆಟರುಗಳು ಬೆಚ್ಚಗೇನೋ ಇದ್ದವು, ಆದರೆ ಹೊರಗೆ ಹಾಕಿದರೆ ಮುಳ್ಳಿಗೆ ಸಿಕ್ಕಿ ಪೂರ್ತಿ ಬಿಚ್ಚಿಹೋಗುತ್ತವೆ ಎಂದು ಫೇಲಾದವು. ಕೊನೆಗೆ ಅಮ್ಮ ಹೆಣೆದ ಕಾಫಿಬಣ್ಣದ ಮಂಕಿ ಕ್ಯಾಪ್. ಕಿವಿಗೆ ಉಜ್ಜಿದರು, ಮೂಸಿದರು, ಎಳೆದು ನೋಡಿದರು. “ಶುದ್ಧ ಉಣ್ಣೆ. ಸದ್ದಿಲ್ಲ. ಬಣ್ಣ ಒಣಗಿದ ಹುಲ್ಲಿನ ಥರ ಇದೆ. ಬ್ಯಾಂಕ್ ದರೋಡೆಗೂ ಆಗುತ್ತೆ.”

ಮುಂದಿನ ಶನಿವಾರ ನೇಸ್‌ನ ಅಂಗಡಿಗೆ ಹೊರಟೆವು. ಟಾಲಾದ ಆಸ್ಪತ್ರೆಯಲ್ಲಿ ಡಾಕ್ಟರಾಗಿರುವ ನನ್ನ ಗೆಳತಿ ದೀಪಾವಳಿಯ ಚಕ್ಕುಲಿ ಕೊಡಲು ಬಂದವಳು, ತಮಾಷೆ ನೋಡುವ ಆಸೆಗೆ ಜೊತೆಯಾದಳು. ಮನೆಯೊಡತಿಯ ಕೈಚೀಲದಿಂದ ಮುಳ್ಳುಕೊಂಬೆ ಇಣುಕುತ್ತಿತ್ತು.

“ಅದನ್ನ ಹೊರಗಿಟ್ಟು ಬನ್ನಿ,” ಎಂದರು ಅಂಗಡಿಯವರು, ನಮಸ್ಕಾರಕ್ಕೂ ಮೊದಲು.

ನಾನು ಹಾಕಿ ನೋಡಿದೆ, ಮನೆಯೊಡತಿ ಪರೀಕ್ಷಿಸಿದರು. ಪ್ಯಾಂಟು ಹಾಕಿಸಿ ಕುಕ್ಕರಗಾಲಿನಲ್ಲಿ ಕೂರಿಸಿದರು. ಮೊಣಕಾಲಲ್ಲಿ ಬಿಗಿದದ್ದು ಹೋಯಿತು. ಬೂಟಿನೊಳಗೆ ಎರಡು ಜೊತೆ ಕಾಲುಚೀಲ ಹಿಡಿಸಬೇಕು, ಬೆರಳು ಆಡಬೇಕು. ಬಿಗಿಯಾದ ಬೂಟು ಬೆಚ್ಚಗಿರುವುದಿಲ್ಲ. ಮೈಗೆ ತಾಗುವುದು ತೆಳು ಉಣ್ಣೆಯೇ ಆಗಬೇಕು, ಹತ್ತಿ ಬೆವರು ಹೀರಿ ತಣ್ಣಗೆ ಅಂಟಿಕೊಳ್ಳುತ್ತದೆ. ಕೊನೆಗೆ, ಮೇಲೆ ಉಣ್ಣೆಯಂತೆ ಮೆತ್ತಗಿದ್ದು ಒಳಗೆ ನೀರು ತಡೆಯುವ ಪದರವಿದ್ದ ಹಸಿರು ಕೋಟೊಂದು ಕಿವಿ ಪರೀಕ್ಷೆ ಪಾಸಾಯಿತು. ಅದರ ಭುಜದ ಮೇಲೆ ಒಂದು ಲೋಟ ನೀರು ಸುರಿದು, ಅಂಗಡಿಯವರಿಂದಲೇ ಚಹಾ ತರಿಸಿಕೊಂಡು ಕುಡಿದು ಮುಗಿಸುವವರೆಗೆ ನನ್ನನ್ನು ನಿಲ್ಲಿಸಿದರು. ಆಮೇಲೆ ಒಳಗೆ ಕೈ ಹಾಕಿ ನೋಡಿದರು. ಒಣಗಿಯೇ ಇತ್ತು.

“ಹೆಣ್ಣು ನೋಡೋ ಶಾಸ್ತ್ರ ಇದಕ್ಕಿಂತ ಬೇಗ ಮುಗಿಯುತ್ತೆ ಕಣೇ,” ಎಂದು ಗೆಳತಿ ಪಿಸುಗುಟ್ಟಿದಳು. ಜೋರಾಗಿ, ಇಂಗ್ಲಿಷಿನಲ್ಲಿ, “ನೀವೇನೂ ತಗೊಳ್ಳಲ್ವಾ?” ಎಂದು ಕೇಳಿದಳು.

“ನನ್ನ ಕೋಟಿಗೆ ನಿಮ್ಮಿಬ್ಬರಿಗಿಂತ ವಯಸ್ಸು ಜಾಸ್ತಿ. ಇನ್ನೂ ಗ್ರ್ಯಾಂಡ್ ಆಗಿದೆ,” ಎಂದು ಅವರು ನೀರಿಳಿಯದಂತೆ ಮೇಣ ಬಳಿದ ತಮ್ಮ ಹಳೆಯ ಕೋಟಿನ ಎದೆಯನ್ನು ಸವರಿದರು.

ನವೆಂಬರ್ ನಡುವಿನ ಶನಿವಾರ, ಬೆಳಕು ಹರಿಯುವ ಮುಂಚೆ ಹೊರಟೆವು. ಹೊರಡುವಾಗ ಸ್ವಲ್ಪ ಚಳಿ ಅನ್ನಿಸಬೇಕು, ನಡೆದರೆ ಮೈ ತಾನೇ ಬಿಸಿಯಾಗುತ್ತದೆ ಎಂಬುದು ಅವರ ನಿಯಮ. “ಎಲ್ಲಾ ಹಾಕ್ಕೊಂಡು ಹೋಗು, ಕಿವಿ ಮುಚ್ಕೋ,” ಎಂಬುದು ಫೋನಿನಲ್ಲಿ ಅಮ್ಮನ ನಿಯಮ. ನಾನು ಅಮ್ಮನ ಮಗಳು. ಕೋಟಿನೊಳಗೆ ಎರಡೂ ಸ್ವೆಟರ್ ತುರುಕಿಕೊಂಡಿದ್ದೆ. ಮೊದಲ ಗೇಟು ಮುಟ್ಟುವಷ್ಟರಲ್ಲಿ ಬೆನ್ನಿನ ಮೇಲೆ ಬೆವರು ಹರಿಯುತ್ತಿತ್ತು.

“ಬೆಂದ್ಯಾ?” ಅಂದರು, ಹಿಂದಿರುಗಿ ನೋಡದೆಯೇ.

ಎರಡೂ ಸ್ವೆಟರ್ ಮತ್ತು ಕ್ಯಾಪು ಬಿಚ್ಚಿ ಬ್ಯಾಗಿಗೆ ಹಾಕಿದೆ.

ಮೇಲೆ ಒಂದು ಕುಸಿದ ಕಲ್ಲುಗೋಡೆಯ ಹಿಂದೆ ಕೂತೆವು. ಎದುರಿಗೆ ಪೈನ್ ತೋಪಿನ ಅಂಚು. ಮಳೆ ಎನ್ನಲಾಗದ, ಆದರೆ ನಿಲ್ಲದೆ ಮೈಮೇಲೆ ಕೂರುವ ಹನಿ. ನನ್ನ ಹೊಸ ಕೋಟಿನ ಮೇಲೆ ಅದು ಮಣಿಮಣಿಯಾಗಿ ಉರುಳುತ್ತಿತ್ತು. ಒಳಗೆ ನಾನು ಬೆಚ್ಚಗಿದ್ದೆ, ಸ್ವಲ್ಪ ನಿದ್ದೆಯೂ ಬರುತ್ತಿತ್ತು.

ತೋಪಿನಿಂದ ಒಂದು ಹೆಣ್ಣು ಜಿಂಕೆ ಹೊರಬಂದು ನಿಂತಿತು. ಮನೆಯೊಡತಿ ನಿಧಾನವಾಗಿ ರೈಫಲ್ ಎತ್ತಿ ಕಲ್ಲಿನ ಮೇಲೆ ಒರಗಿಸಿದರು. ನಳಿಗೆಯ ತುದಿ ನಡುಗುತ್ತಿತ್ತು. ಅವರು ಉಸಿರು ಬಿಟ್ಟು, ಮತ್ತೆ ಹಿಡಿದರು. ಮತ್ತೆ ನಡುಗಿತು. ರೈಫಲ್ ಕೆಳಗಿಳಿಸಿದರು. ಜಿಂಕೆ ಒಂದಿಷ್ಟು ಹುಲ್ಲು ತಿಂದು, ಯಾವ ಅವಸರವೂ ಇಲ್ಲದೆ ತೋಪಿನೊಳಗೆ ಹೋಯಿತು.

“ಸರಿ, ಮುಗೀತು,” ಅಂದರು.

ಜಿಂಕೆ ಉಳಿಯಿತಲ್ಲ ಎಂದು ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಅವರ ತುಟಿ ಬಿಳುಚಿತ್ತು. ಕೈ ಹಿಡಿದೆ, ಫ್ರೀಜರಿನಿಂದ ತೆಗೆದ ಬಟಾಣಿ ಚೀಲದಷ್ಟು ತಣ್ಣಗಿತ್ತು. ತೋಳು ಹಿಡಿದೆ, ಒದ್ದೆ. ಬಾಟಲಿ ತೆಗೆದು ನನ್ನ ಭುಜದ ಮೇಲೆ ಒಂದಿಷ್ಟು ನೀರು ಸುರಿದುಕೊಂಡೆ. ಉರುಳಿಹೋಯಿತು. ಅವರ ಭುಜದ ಮೇಲೆ ಸುರಿದೆ. ಅಲ್ಲೇ ಇಂಗಿಹೋಯಿತು.

“ಏನ್ ಮಾಡ್ತಿದ್ದೀಯ ನೀನು?”

“ಪರೀಕ್ಷೆ. ನಿಮ್ಮ ಕೋಟು ಫೇಲ್. ನಡುಗ್ತಿರೋದು ವಯಸ್ಸಿಗಲ್ಲ, ನೀವು ಒಳಗೆಲ್ಲಾ ನೆನೆದಿದ್ದೀರ. ಫೆಬ್ರವರಿಲೂ ಇದೇ ಕೋಟು ತಾನೆ?”

ಅವರು ತಮ್ಮ ತೋಳನ್ನು ತಾವೇ ಹಿಂಡಿ ನೋಡಿದರು. “ಮೇಣ ಬಳಿದು ಸ್ವಲ್ಪ ದಿನ ಆಗಿರ್ಬೇಕು.”

“ಎಷ್ಟು ದಿನ?”

“ನನ್ನ ಗಂಡ ಬಳೀತಿದ್ದ,” ಅಂದರು. ಅವರ ಗಂಡ ಹೋಗಿ ಕೆಲವು ವರ್ಷಗಳಾಗಿವೆ.

ಒದ್ದೆ ಕೋಟು ಬಿಚ್ಚಿಸಿ ನನ್ನ ಎರಡೂ ಸ್ವೆಟರ್ ತೊಡಿಸಿದೆ, ಹೊಸ ಕೋಟು ಅವರಿಗೆ ಹೊದಿಸಿ ಅವರ ಕೋಟು ನಾನು ಹಾಕಿಕೊಂಡೆ. ನಡೆದು ಇಳಿಯುವಷ್ಟು ಹೊತ್ತು ಒದ್ದೆ ಕೋಟಿನಿಂದ ನನಗೇನೂ ಆಗುವುದಿಲ್ಲ. ಮಂಕಿ ಕ್ಯಾಪನ್ನು ಅವರೇ ಹಾಕಿಕೊಂಡರು. ಡಿಸೆಂಬರ್ ಬೆಳಿಗ್ಗೆ ಹಾಲಿನ ಬೂತಿಗೆ ಹೊರಟ ನಮ್ಮ ಬೀದಿಯ ಯಜಮಾನರ ಹಾಗೆಯೇ ಕಂಡರು.

“ನಗಬೇಡ.”

“ನಗ್ತಿಲ್ಲ. ನಡುಗ್ತಿದ್ದೀನಿ.”

ಮರುವಾರ ಅಂಗಡಿಯಲ್ಲಿ ಮನೆಯೊಡತಿ ತಮಗೆಂದು ಹೊಸ ಕೋಟಿಗೆ ಕೈ ಹಾಕಿದವರೇ ಜೇಬು ಚಿಕ್ಕದು, ಗುಂಡಿ ಸಡಿಲ, ಕಾಲರು ಪಾದ್ರಿಗಳದ್ದರಂತಿದೆ ಎಂದು ತಕರಾರು ತೆಗೆದರು. ನಾನು ತೋಳನ್ನು ಅವರ ಕಿವಿಗೆ ಉಜ್ಜಿದೆ. ಕುಕ್ಕರಗಾಲಿನಲ್ಲಿ ಕೂರಿಸಿದೆ. ನೀರು ಸುರಿದೆ. ನಾವು ಕೇಳದೆಯೇ ಅಂಗಡಿಯವರು ಕೆಟಲ್ ಇಟ್ಟರು. ಹಳೆಯ ಕೋಟು ಈಗ ಹಿಂಬಾಗಿಲ ಮೊಳೆಯಲ್ಲಿದೆ. ಅದಕ್ಕೆ ಮೇಣ ಬಳಿಯುವುದನ್ನು ಅವರು ನನಗೆ ಕಲಿಸುವುದಾಗಿ ಒಪ್ಪಂದವಾಗಿದೆ.

ಡಿಸೆಂಬರ್ ಮೊದಲ ಶನಿವಾರ ಮತ್ತೆ ಅದೇ ಗೋಡೆಯ ಹಿಂದೆ ಕೂತೆವು. ಹುಲ್ಲಿನ ಮೇಲೆ ಬಿಳಿ ಮಂಜು ಗಟ್ಟಿಯಾಗಿತ್ತು. ತುಂಬ ಹೊತ್ತು ಕೂತ ಮೇಲೆ ಅವರು ಫ್ಲಾಸ್ಕಿನ ಮುಚ್ಚಳಕ್ಕೆ ಅಂಚಿನವರೆಗೆ ಚಹಾ ಸುರಿದು, ಕೈ ಉದ್ದಕ್ಕೆ ಚಾಚಿ ಹಿಡಿದರು. ಇಬ್ಬರೂ ಅದನ್ನೇ ನೋಡಿದೆವು. ಚಹಾ ಚೆಲ್ಲಲಿಲ್ಲ.

“ಮೇಲ್ಗಡೆ ಸ್ವಲ್ಪ ಅಲುಗ್ತು,” ಅಂದೆ. ಬರೆದಿಡುವವಳು ಸುಳ್ಳು ಹೇಳಬಾರದು.

“ಅದು ಗಾಳಿ.”

“ಗಾಳಿ ಇಲ್ಲ.”

“ನೀನು ಉಸಿರಾಡಿದ್ದು.” ಚಹಾ ಕುಡಿದು, ರೈಫಲನ್ನು ಕಲ್ಲಿಗೆ ಒರಗಿಸಿ, ತೋಪಿನ ಕಡೆ ಕಣ್ಣು ನೆಟ್ಟರು. ನನಗೆ ಹಸಿವಾಗಿತ್ತು. ಜೇಬಿನಿಂದ ಗೆಳತಿಯ ಚಕ್ಕುಲಿ ತೆಗೆದು ಕಡಿದೆ.

ಆ ಮಂಜಿನ ನಿಶ್ಶಬ್ದದಲ್ಲಿ ಅದು ಹೆಂಚು ಮುರಿದಂತೆ ಕೇಳಿಸಿತು. ತೋಪಿನಂಚಿನಲ್ಲಿ ಏನೋ ಕಂದು ಬಣ್ಣ ಛಂಗನೆ ನೆಗೆದು ಮರೆಯಾಯಿತು.

ಅವರು ನಿಧಾನವಾಗಿ ನನ್ನ ಕಡೆ ತಿರುಗಿದರು. “ಮೈಗೆ ಸದ್ದಿಲ್ಲದ್ದು ಕೊಡಿಸಿದೆ ಮರಿ. ಬಾಯಿಗೇನು ಕೊಡಿಸ್ಲಿ?”

ನಾನು ಅಗಿಯುವುದನ್ನು ನಿಲ್ಲಿಸಿ ಹಾಗೇ ಕೂತೆ. ಅವರು ಕೈ ಚಾಚಿ ನನ್ನ ಕೈಯಲ್ಲಿದ್ದ ಇನ್ನೊಂದು ಚಕ್ಕುಲಿ ತೆಗೆದುಕೊಂಡು ಬಾಯಿಗಿಟ್ಟರು. ಆ ಸದ್ದಿಗೆ ಉಳಿದ ಜಿಂಕೆಗಳೂ ಹೋಗಿರಬೇಕು.

“ಚೆನ್ನಾಗಿದೆ,” ಎಂದರು, ಅಗಿಯುತ್ತಾ. “ಆದ್ರೆ ಮುಂದಿನ ಶನಿವಾರಕ್ಕೆ ಮೆತ್ತಗಿರೋದು ಏನಾದ್ರೂ ತಗೊಂಡ್ ಬಾ.”