ಚಪ್ಪಲಿ ಸಮೇತ ಅವ್ವನ ತೂಕ

ಕೆಲವು ವಿವರಗಳು ನನಗೆ ತಪ್ಪಾಗಿ ನೆನಪಿರಬಹುದು. ತಂಗಿಯ ಪಿಕಪ್ ಗಾಡಿ ಬಿಳಿಯದೋ ಬೂದು ಬಣ್ಣದ್ದೋ ಎಂದು ಈಗ ಹೇಳಲಾರೆ. ಆದರೆ ಮೂಡಲಗಿಯಲ್ಲಿ ಕಬ್ಬು ತೂಗುವ ಕಾಟಾದ ಮೇಲೆ ಅದು ನಿಂತಾಗ, ಅವ್ವ ಚಪ್ಪಲಿಯನ್ನು ಕಾಟಾದ ಹೊರಗೇ ಬಿಟ್ಟು ಬಂದು ಗಾಡಿ ಹತ್ತಿದ್ದು ನಿಜ. ತೂಗುವ ತಕ್ಕಡಿಯನ್ನು ಚಪ್ಪಲಿಗಾಲಲ್ಲಿ ತುಳಿಯಬಾರದು ಎನ್ನುವವಳು ಅವಳು. ತಂಗಿ ಓಡಿಹೋಗಿ ಚಪ್ಪಲಿ ತಂದು ಗಾಡಿಯೊಳಗೆ ಇಟ್ಟಳು.

"ಇವನ್ನೂ ಹಿಡದ ತೂಗಬೇಕಬೇ ಯವ್ವಾ. ಊರೂರು ಬರಿಗಾಲಿಲೆ ತಿರಗ್ತಿ ಏನ?"

ಊರು ಸುತ್ತಲೆಂದು ತಂಗಿ, ಪಿಕಪ್ ಮೇಲೆ ಕೂರಿಸುವ, ಮಲಗುವ ಕೋಣೆಯಂಥ ಕ್ಯಾಂಪರ್ ಆರಿಸುತ್ತಿದ್ದಳು. ಜನ, ನೀರು, ಗ್ಯಾಸು ಎಲ್ಲ ಸೇರಿಸಿ ತೂಗಿದ ಮೇಲೆ ಗಾಡಿ ಹೊರಬಲ್ಲ ತೂಕದ ಮಿತಿಯಲ್ಲಿ ಉಳಿದದ್ದಷ್ಟೇ ಕ್ಯಾಂಪರಿನ ಪಾಲು. ಅವ್ವ ಕೂತರೆ, ಬಚ್ಚಲೂ ಇದ್ದ ದೊಡ್ಡ ಕ್ಯಾಂಪರ್ ಮಿತಿ ಮೀರುತ್ತಿತ್ತು.

"ಕಬ್ಬಿನ ಗಾಡಿಗೆ ಎಷ್ಟ ಹೇರತಾರ ನೋಡು. ದೊಡ್ಡದ ತಗೊ," ಎಂದೆ.

"ಕಬ್ಬಿನ ಗಾಡ್ಯಾಗ ನಮ್ಮವ್ವ ಕುಂತಿರೂದಿಲ್ಲಕ್ಕಾ!" ಎಂದಳು ತಂಗಿ. ಸಣ್ಣದನ್ನೇ ಆರಿಸಿದಳು. ಅವ್ವ ಹೊಸ ಮದುಮಗಳಂತೆ ನಕ್ಕಳು.

ನನಗೆ ಹೊಟ್ಟೆಕಿಚ್ಚಾಯಿತು. ಕ್ಯಾಂಪರ್ ನೋಡಿ ಆದದ್ದು ಎಂದುಕೊಂಡಿದ್ದೆ, ಅದಕ್ಕಲ್ಲ. ಗೋಕಾಕದಿಂದ ಹುಕ್ಕೇರಿಯ ನನ್ನ ಮನೆಗೆ ಕರೆದಾಗಲೆಲ್ಲ ಸೊಂಟನೋವು ಎನ್ನುವ ಅವ್ವ, ತಂಗಿಯ ಗಾಡಿಯಲ್ಲಿ ಮಲಗಿ ಊರು ಸುತ್ತಲು ಹೊರಟಿದ್ದಳು.

"ನಮ್ಮ ಮನಿಗೆ ಇರಾಕ ಯಾವಾಗ ಬರ್ತಿ, ಯವ್ವಾ?" ಎಂದು ಅಲ್ಲೇ ಕೇಳಿದೆ. ಅವ್ವ ಬಗ್ಗಿ ಚಪ್ಪಲಿಯನ್ನು ಗಾಡಿಯ ಸೀಟಿನ ಕೆಳಗೆ ಒತ್ತಿಟ್ಟಳು.